ನಮ್ಮತ್ತೆಗೆ ಯಾರೂ ಏನನ್ನೂ ಪುಕ್ಕಟೆ ಕೊಡಬೇಡಿ

ನಮ್ಮ ಅತ್ತೆಗೆ ಏನನ್ನಾದರೂ ಪುಕ್ಕಟೆಯಾಗಿ ಕೊಟ್ಟು ನೆಮ್ಮದಿಯಿಂದ ಮನೆ ಸೇರಿದವರನ್ನು ನಾನು ಈವರೆಗೆ ಕಂಡಿಲ್ಲ. ಅವರನ್ನು ಬೈದು ನೋಡಿ, ನಕ್ಕು ಸುಮ್ಮನಾಗುತ್ತಾರೆ. ಕಾಲು ತುಳಿದು ನೋಡಿ, "ಇರಲಿ ಬಿಡ್ರಿ" ಎನ್ನುತ್ತಾರೆ. ಆದರೆ "ಇದು ಫ್ರೀ, ತಗೊಳ್ಳಿ" ಎಂದಿರೋ, ಮುಗಿಯಿತು! ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಕೇಳುತ್ತಾರೆ: "ಯಾಕ? ನಾ ನಿಮಗೇನು ಮಾಡೀನಿ?"

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮದುವೆಯಾಗಿ ರಾಯಚೂರಿನಿಂದ ಹೈದರಾಬಾದಿಗೆ ಬಂದವರು ಇಲ್ಲೇ ನಾರಾಯಣಗೂಡದಲ್ಲಿ ಬೇರೂರಿದ್ದಾರೆ. ಕೆಳಗಿನ ಅಂತಸ್ತಿನಲ್ಲಿ ಕೋಚಿಂಗ್ ಸೆಂಟರು, ಮೇಲಿನದರಲ್ಲಿ ಅತ್ತೆ ಮತ್ತು ಮಾಮಾ. ಅತ್ತೆ ಮೇಲಿನಿಂದ ಹಾಲಿನವನ ಜೊತೆ ಮಾತಾಡಲು ಶುರುಮಾಡಿದರೆ ಕೆಳಗೆ ಭೌತಶಾಸ್ತ್ರದ ಪಾಠ ನಿಲ್ಲುತ್ತದೆ. ವಿದ್ಯಾರ್ಥಿಗಳಿಗೆ ಅದು ಬಿಡುವಿನ ಗಂಟೆ!

ನಾನು ಮಾದಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವವನು, ಭಾನುವಾರದ ಊಟಕ್ಕೆ ಅತ್ತೆಯ ಮನೆಗೆ ಬರುವವನು. ಆ ಊಟ ಪುಕ್ಕಟೆಯೇ ಎಂದು ನೀವು ಕೇಳಬಹುದು. ಛೆ, ಎಲ್ಲಾದರೂ ಉಂಟೆ! ರೊಟ್ಟಿ, ಎಣ್ಣೆಗಾಯಿ ಪಲ್ಯ ಮುಗಿಸಿ ಕೈ ತೊಳೆಯುವಷ್ಟರಲ್ಲಿ ನನ್ನ ಮುಂದೆ ಸ್ಟೂಲು ಮತ್ತು ಒದ್ದೆ ಬಟ್ಟೆ ಬಂದಿರುತ್ತದೆ. ಒಂದು ವಾರ ಫ್ಯಾನು ಒರೆಸಬೇಕು, ಇನ್ನೊಂದು ವಾರ ಅಟ್ಟದ ಡಬ್ಬಿ ಇಳಿಸಬೇಕು. "ಉಂಡಿದ್ದು ಹಕ್ಕಿನ ಊಟ ಆಗಬೇಕು ತಮ್ಮಾ, ದಾನದ ಊಟ ಆಗಬಾರದು" ಎನ್ನುತ್ತಾರೆ ಅತ್ತೆ.

ಅವರ ಓಣಿಗೆ ತಳ್ಳುಗಾಡಿಯಲ್ಲಿ ತರಕಾರಿ ತರುವವಳೊಬ್ಬಳಿದ್ದಾಳೆ. ಲೋಕದಲ್ಲಿ ಎಲ್ಲರೂ ತರಕಾರಿ ಕೊಂಡ ಮೇಲೆ ಒಂದು ಎಸಳು ಕರಿಬೇವನ್ನು ಹಾಗೇ ಕೇಳಿ ಪಡೆಯುತ್ತಾರೆ, ಕೊಡದಿದ್ದರೆ ಜಗಳ ಆಡುತ್ತಾರೆ. ನಮ್ಮತ್ತೆ ಕೊಟ್ಟರೆ ಜಗಳ ಆಡುತ್ತಾರೆ! "ಊರಿಕೇ ತೀಸ್ಕೋ ಅಮ್ಮಾ, ಸುಮ್ಮನೆ ತಗೋ" ಎಂದು ಆಕೆ ತೆಲುಗು ಬೆರೆಸಿ ಬೇಡಿಕೊಂಡರೂ ಕೇಳುವುದಿಲ್ಲ. ಕರಿಬೇವಿಗೆ ಇಷ್ಟು ಎಂದು ಬೆಲೆ ಹೇಳಿಸಿ, ಆಮೇಲೆ ಆ ಬೆಲೆ ಹೆಚ್ಚಾಯಿತೆಂದು ಚೌಕಾಸಿ ಮಾಡಿ, ಇಳಿಸಿ, ಕೊಟ್ಟೇ ತೀರುತ್ತಾರೆ. ಈಗೀಗ ಆಕೆ ಅತ್ತೆಯ ಬಾಗಿಲು ಹತ್ತಿರವಾಗುತ್ತಿದ್ದಂತೆ ಕರಿಬೇವಿನ ಮೇಲೆ ಗೋಣಿಚೀಲ ಮುಚ್ಚುತ್ತಾಳೆ.

ಇಂಥವರಿಗೆ ದೇವರು ಎಂಥ ಗಂಡನನ್ನು ಕೊಟ್ಟ ನೋಡಿ! ನಮ್ಮ ಮಾಮಾಗೆ ಫ್ರೀ ಎಂದರೆ ಪ್ರಾಣ. ಬಕೆಟ್ಟು ಸಿಗುತ್ತದೆಂದು ಸೋಪಿನ ಪುಡಿ ತರುತ್ತಾರೆ, ಚಮಚ ಸಿಗುತ್ತದೆಂದು ಚಹಾಪುಡಿ ತರುತ್ತಾರೆ. ಒಮ್ಮೆ ಬಾಚಣಿಗೆ ಸಿಗುತ್ತದೆಂದು ತಲೆಗೆಣ್ಣೆ ತಂದರು. ಮಾಮಾರ ತಲೆಯಲ್ಲಿ ಕೂದಲಿಲ್ಲ ಎನ್ನುವುದು ಬೇರೆ ಮಾತು.

ಆದರೆ ಒಂದು ವಿಚಿತ್ರ. ಮಾಮಾ ಜಿಪುಣರಲ್ಲ. ಊರಿನ ತಮ್ಮಂದಿರನ್ನೆಲ್ಲ ಓದಿಸಿದವರು, ನೆಂಟರ ಮದುವೆಗೆ ಕೈಬಿಚ್ಚಿ ಉಡುಗೊರೆ ಕೊಡುವವರು. ತಮಗೆಂದು ಮಾತ್ರ ಏನೂ ಕೊಳ್ಳಲಾರರು! ಚಪ್ಪಲಿ ಸವೆದಿದೆ ಎಂದರೆ "ಇನ್ನೂ ನಡೀತೈತಿ" ಎನ್ನುತ್ತಾರೆ. ಅತ್ತೆ ಹಟ ಮಾಡಿ ಹೊಸ ಅಂಗಿ ತಂದರೆ ಬೆಲೆ ಕೇಳಿ, ಮಡಿಸಿ, ಬೀರುವಿನಲ್ಲಿಟ್ಟು, ಕಡೆಗೆ ಯಾರಿಗಾದರೂ ಕೊಟ್ಟುಬಿಡುತ್ತಾರೆ. ಫ್ರೀ ಬಂದ ಟೊಪ್ಪಿಗೆಯನ್ನಾದರೆ ಮಕ್ಕಳಂತೆ ಕನ್ನಡಿಯ ಮುಂದೆ ಹಾಕಿಕೊಂಡು ನೋಡುತ್ತಾರೆ.

ಇವರ ಸಂಸಾರದ ಮಾತುಕತೆ ಹೀಗಿರುತ್ತದೆ.

"ಇದೇನ್ರಿ, ಮತ್ತೊಂದು ಬಕೀಟು?"

"ಫ್ರೀ ಬಂತು."

"ಪುಕ್ಕಟೆ ಅಂಬೋದು ಎರಡ ನಮೂನಿ ಐತ್ರಿ. ಒಂದು, ಅದರ ರೊಕ್ಕ ಇದರಾಗ ಸೇರಿಸಿರತಾರ. ಇಲ್ಲಂದ್ರ ಅದು ಯಾತಕ್ಕೂ ಬರಂಗಿಲ್ಲ."

"ಇದು ಮೂರನೇ ನಮೂನಿ ಐತಿ. ನೋಡು, ಹಿಡಿಕೀನೂ ಐತಿ."

ಮಾಮಾ ಹಿಡಿಕೆ ಹಿಡಿದೆತ್ತಿ ತೋರಿಸುತ್ತಾರೆ. ಬಕೆಟ್ಟು ಕೆಳಗೆ ಬೀಳುತ್ತದೆ, ಹಿಡಿಕೆ ಕೈಯಲ್ಲೇ ಉಳಿಯುತ್ತದೆ.

ಇಂಥ ಅತ್ತೆಯ ಬದುಕಿನಲ್ಲಿ ದೊಡ್ಡ ಬಿಕ್ಕಟ್ಟು ಬಂದದ್ದು ಹೆಂಗಸರಿಗೆ ಸಿಟಿ ಬಸ್ಸು ಉಚಿತವಾದಾಗ. ಮೊದಲ ದಿನವೇ ಅತ್ತೆ ನೋಟು ಚಾಚಿದರು. ಕಂಡಕ್ಟರ್ ಹೆಂಗಸು ಬೇಡವೆಂದಳು. ಅತ್ತೆ ಬೇಕೆಂದರು. "ಅಮ್ಮಾ, ನಿಮ್ಮ ಹತ್ತಿರ ತೆಗೆದುಕೊಂಡರೆ ನನ್ನ ನೌಕರಿ ಹೋಗುತ್ತದೆ" ಎಂದಳು ಆಕೆ. ಇನ್ನೊಬ್ಬರ ನೌಕರಿ ತೆಗೆಯುವ ಹೆಂಗಸಲ್ಲ ನಮ್ಮತ್ತೆ. ಸೊನ್ನೆ ರೂಪಾಯಿಯ ಚೀಟಿಯನ್ನು ಕೈಯಲ್ಲಿ ಹಿಡಿದು ಹಿಮಾಯತನಗರದಿಂದ ಕೋಠಿಯವರೆಗೆ ಯೋಚಿಸಿದರು. ಕೋಠಿಯಲ್ಲಿ ಇಳಿಯುವಾಗ ಬೆಳಕು ಹೊಳೆದಿತ್ತು. "ಇದು ಫ್ರೀ ಅಲ್ಲವೇ ಅಲ್ಲ! ಇಷ್ಟು ವರ್ಷ ನಾ ಕಟ್ಟಿದ ಟ್ಯಾಕ್ಸು ಎಲ್ಲಿ ಹೋತು? ಇದು ನನ್ನ ಬಸ್ಸು!" ಅಂದಿನಿಂದ ಅತ್ತೆ ಬಸ್ಸು ಹತ್ತುವ ಗತ್ತು ನೋಡಬೇಕು. ಸೀಟು ಹರಿದಿದ್ದರೆ ಡ್ರೈವರನನ್ನು ಕರೆದು ಕೇಳುತ್ತಾರೆ. ಪಾಪ, ಅವನಿಗೆ ಬಸ್ಸಿನ ಮಾಲೀಕರು ಯಾರೆಂಬುದು ಆಗಲೇ ಗೊತ್ತಾಗುವುದು.

ಈಗ ಲ್ಯಾಪ್‌ಟಾಪಿನ ವಿಷಯಕ್ಕೆ ಬರುತ್ತೇನೆ.

ಅತ್ತೆ ಬಾಲಾನಗರದ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ನಕ್ಷೆ ತೆಗೆಯುವ ಕೆಲಸದಲ್ಲಿದ್ದವರು. ದೊಡ್ಡ ಓರೆ ಹಲಗೆ, ಅದರ ಮೇಲೆ ಟ್ರೇಸಿಂಗ್ ಕಾಗದ, ಕೈಯಲ್ಲಿ ಶಾಯಿಯ ಪೆನ್ನು. ಯಂತ್ರದ ಹಲ್ಲಿನ ಚಕ್ರಗಳನ್ನು ಅತ್ತೆ ರಂಗೋಲಿ ಬಿಡಿಸಿದಂತೆ ಬಿಡಿಸುತ್ತಿದ್ದರೆಂದು ಮಾಮಾ ಈಗಲೂ ಹೇಳುತ್ತಾರೆ. ಅವರೂ ಅದೇ ಕಾರ್ಖಾನೆಯ ಲೆಕ್ಕದ ವಿಭಾಗದಲ್ಲಿದ್ದವರು. ಒಂದು ದಿನ ಕಾರ್ಖಾನೆಗೆ ಕಂಪ್ಯೂಟರ್ ಬಂತು, ಹಲಗೆಗಳು ಗೋದಾಮಿಗೆ ಹೋದವು. ಅತ್ತೆಯೂ ಅವುಗಳ ಹಿಂದೆಯೇ ಗೋದಾಮಿನ ಉಸ್ತುವಾರಿಗೆ ಹೋದರು. "ನನಗೂ ಕಲಿಸ್ರಿ" ಎಂದು ಕೇಳಿದ್ದರಂತೆ. "ನಿಮಗ್ಯಾಕಮ್ಮ ಈ ತೊಂದರೆ, ಆರಾಮಾಗಿ ಇಲ್ಲಿ ಕೂತುಕೊಳ್ಳಿ" ಎಂದನಂತೆ ಮೇಲಧಿಕಾರಿ. ಆರಾಮಾಗಿ! ಅತ್ತೆಗೆ ಪುಕ್ಕಟೆ ಸಿಕ್ಕವುಗಳಲ್ಲೆಲ್ಲ ಅತ್ಯಂತ ಸಿಟ್ಟು ಬರಿಸಿದ್ದು ಆ ಆರಾಮ. ನಿವೃತ್ತಿಯಾಗುವವರೆಗೂ ಅದನ್ನು ನುಂಗಿಕೊಂಡೇ ಕೂತಿದ್ದರು.

ನಿವೃತ್ತಿಯಾಗಿ ಕೆಲವು ವರ್ಷ ಕಳೆದ ಮೇಲೆ, ಹೋದ ಬೇಸಿಗೆಯಲ್ಲಿ, ನಾನು ಎಣ್ಣೆಗಾಯಿಗೆ ಕೈ ಹಾಕುವಾಗ ಅತ್ತೆ ಘೋಷಿಸಿದರು. "ನಾ ಅಮೀರ್‌ಪೇಟಿಗೆ ಹೊಂಟೀನಿ. ಕಂಪ್ಯೂಟರ್‌ನ್ಯಾಗ ನಕ್ಷಾ ತೆಗಿಯೋದು ಕಲೀತೀನಿ."

"ಈ ವಯಸ್ಸಿನ್ಯಾಗ ಯಾಕತ್ತಿ?" ಎಂದೆ.

"ಬ್ಯಾರೆ ವಯಸ್ಸು ನನ್ನ ಹತ್ರ ಇಲ್ಲಪ್ಪ. ಇದ್ದಿದ್ರ ಅದರಾಗ ಕಲೀತಿದ್ದೆ."

ಅಮೀರ್‌ಪೇಟ್ ನಿಮಗೆ ಗೊತ್ತಿರಬಹುದು. ಅಲ್ಲಿ ಗೋಡೆಗಿಂತ ಬೋರ್ಡು ಹೆಚ್ಚು. ಪ್ರತಿ ಮೆಟ್ಟಿಲಿಗೂ ಒಂದು ತರಬೇತಿ ಕೇಂದ್ರ, ಪ್ರತಿ ಕೇಂದ್ರದಲ್ಲೂ ಬೆನ್ನಿಗೆ ಚೀಲ ಹಾಕಿದ ಪಡ್ಡೆಗಳು. ಅತ್ತೆ ಇಳಕಲ್ ಸೀರೆಯುಟ್ಟು ಅವರ ನಡುವೆ ನಿಂತರು. ಸ್ವಾಗತದ ಹುಡುಗಿ ತೆಲುಗಿನಲ್ಲಿ, "ಆಂಟಿ, ಸ್ಟೂಡೆಂಟ್ ಎಲ್ಲಿ? ಪೇರೆಂಟ್ಸ್ ಆ ಕಡೆ ಕೂತುಕೊಳ್ಳಬೇಕು" ಎಂದಳು. ಅತ್ತೆ ತಮ್ಮ ರಾಯಚೂರು ಬೆರೆತ ತೆಲುಗಿನಲ್ಲಿ ಉತ್ತರಿಸಿದರು: "ಸ್ಟೂಡೆಂಟು ನಾನು. ಪೇರೆಂಟ್ಸು ತೀರಿಕೊಂಡಾರ. ಹೆಸರು ಬರಕೋ."

ಮೊದಲ ದಿನದ ಉಚಿತ ಡೆಮೋ ಕ್ಲಾಸಿಗೆ ಕೂರಲು ಅತ್ತೆ ಒಪ್ಪಲಿಲ್ಲ ಎಂದು ಬೇರೆ ಹೇಳಬೇಕೆ? ಪೂರ್ತಿ ಫೀಸು ಕಟ್ಟಿಯೇ ಬಂದರು. ಕೇಂದ್ರದವರ ಷರತ್ತು ಒಂದೇ, ಪ್ರತಿಯೊಬ್ಬರೂ ತಮ್ಮ ಲ್ಯಾಪ್‌ಟಾಪು ತರಬೇಕು. ನಕ್ಷೆಯ ಸಾಫ್ಟ್‌ವೇರಿಗೆ ಮೆಮೊರಿ ಹೆಚ್ಚು ಬೇಕು, ಕಡಿಮೆಯಾದರೆ ನಡೆಯುವುದಿಲ್ಲ. ಸೋಮವಾರ ಕ್ಲಾಸು ಶುರು.

ಹಾಗಾಗಿ ಆ ಶನಿವಾರ ಬೆಳಿಗ್ಗೆ ಅತ್ತೆ, ಮಾಮಾ, ನಾನು ಮೂವರೂ ಅಮೀರ್‌ಪೇಟಿನ ಒಂದು ದೊಡ್ಡ ಅಂಗಡಿಗೆ ಹೋದೆವು. ಸಾಫ್ಟ್‌ವೇರ್ ಬಲ್ಲವನೆಂದು ನನ್ನನ್ನು ಕರೆದುಕೊಂಡು ಹೋಗಿದ್ದರು. ಬಾಗಿಲಲ್ಲೇ ಚೀಲ ಹಿಡಿಯಲು ಕೊಟ್ಟದ್ದು ಬಿಟ್ಟರೆ ಬೇರೇನನ್ನೂ ಕೇಳಲಿಲ್ಲ.

ಅಂಗಡಿಯ ತುಂಬ ಒಂದೇ ಕೆಂಪು ಹಾಳೆ ನೇತಾಡುತ್ತಿತ್ತು. ಲ್ಯಾಪ್‌ಟಾಪ್ ಕೊಂಡರೆ ಟಿ.ವಿ.ಗೆ ಜೋಡಿಸಿ ಆಡುವ ಗೇಮಿಂಗ್ ಕನ್ಸೋಲ್ ಫ್ರೀ! ನಿಜ ಹೇಳಬೇಕೆಂದರೆ ಅಂಥದ್ದೊಂದರ ಮೇಲೆ ನನಗೆ ಬಹಳ ದಿನಗಳಿಂದ ಕಣ್ಣಿತ್ತು. ಅತ್ತೆಗೆ ಅದು ಬೇಡ. ಮಾಮಾಗೆ ಅದು ತಿಳಿಯದು. ಹಾಗಾದರೆ ಆ ಅನಾಥ ಪೆಟ್ಟಿಗೆಗೆ ಆಶ್ರಯ ಕೊಡುವವರು ಯಾರು? ನನ್ನ ರೂಮಿನ ಟಿ.ವಿ. ಪಕ್ಕದಲ್ಲಿ ಜಾಗವನ್ನೂ ಮನಸ್ಸಿನಲ್ಲೇ ಗೊತ್ತುಮಾಡಿಬಿಟ್ಟೆ.

ನಾವು ಕನ್ನಡ ಮಾತಾಡುವುದನ್ನು ಕೇಳಿ ಟೈ ಕಟ್ಟಿದ ಸೇಲ್ಸ್‌ಮನ್ ಓಡಿ ಬಂದ. ಸಿಂಧನೂರಿನವನಂತೆ.

"ಬರ್ರಿ ಅಮ್ಮಾರ, ಮೊಮ್ಮಗಗೇನ್ರಿ?"

"ನನಗ."

ಆತ ಟೈ ಸರಿಮಾಡಿಕೊಂಡ. "ಭಾಳ ಚೊಲೋ ಆತ್ರಿ. ಇದನ್ನ ನೋಡ್ರಿ, ಇದರ ಕೂಡ ಗೇಮಿನ ಪೆಟ್ಟಿಗಿ ಪೂರಾ ಫ್ರೀ ಐತ್ರಿ."

ನಾನು ಕಣ್ಣು ಮುಚ್ಚಿಕೊಂಡೆ.

"ಯಾಕ?" ಎಂದರು ಅತ್ತೆ.

"ಅಂದ್ರ... ಸ್ಕೀಮ್ ಐತ್ರಿ."

"ನಾ ಗೇಮಿನ ಪೆಟ್ಟಿಗಿ ಕೇಳೀನೇನು? ಇದರಾಗ ಮೆಮೊರಿ ಎಷ್ಟೈತಿ ಹೇಳು."

ಆತ ಹೇಳಿದ. ತರಬೇತಿ ಕೇಂದ್ರದವರು ಹೇಳಿದ್ದರ ಅರ್ಧ! ಅತ್ತೆಯ ಮುಖದಲ್ಲಿ ಗೆಲುವಿನ ಕಳೆ ಮೂಡಿತು. ಪುಕ್ಕಟೆಯ ಬಗ್ಗೆ ತಾವು ಇಷ್ಟು ಕಾಲ ಹೇಳಿದ್ದೆಲ್ಲ ಹಗಲ ಬೆಳಕಿನಲ್ಲಿ ರುಜುವಾತಾದರೆ ಯಾರಿಗೆ ಸಂತೋಷವಾಗುವುದಿಲ್ಲ?

"ಇಷ್ಟರಾಗೂ ಓಡತೈತ್ರಿ ಅಮ್ಮಾರ."

"ಓಡತೈತೋ, ತೆವಳತೈತೋ?" ಎಂದು ಅತ್ತೆ ಮೊದಲ ಬಾರಿಗೆ ನನ್ನ ಕಡೆ ತಿರುಗಿದರು. ಆ ಪೆಟ್ಟಿಗೆಯ ಮೇಲಿನ ಆಸೆ ನನ್ನ ನಾಲಗೆಯನ್ನು ಹಿಡಿದೆಳೆಯಿತು. ಆದರೂ ಸತ್ಯ ಹೊರಬಿತ್ತು. "ತೆವಳತೈತ್ರಿ ಅತ್ತಿ." ಹೇಳಿದ ಕೂಡಲೇ ಜಾಣತನವನ್ನೂ ಸೇರಿಸಿದೆ. "ಹಿಂಗ ಮಾಡ್ರಿ. ಫ್ರೀ ಪೆಟ್ಟಿಗಿ ತಗೊಂಡುಬಿಡ್ರಿ, ಮೆಮೊರಿ ಬ್ಯಾರೆ ರೊಕ್ಕ ಕೊಟ್ಟು ಹಾಕಿಸೂಣು. ಪೆಟ್ಟಿಗಿ ನಿಮಗ ಬ್ಯಾಡಾದ್ರ... ಬೇಕಾದ್ರ ನಾ ಒಯ್ತೀನಿ."

"ಓಹೋ! ಅದಕ್ಕೇನು ನೀ ಚೀಲ ಹಿಡಕೊಂಡು ಇಷ್ಟು ಸುಮ್ನ ನಿಂತಿದ್ದು?"

ಅಲ್ಲಿಗೆ ನನ್ನ ಕಥೆ ಮುಗಿಯಿತು.

ಅತ್ತೆಯ ಬೇಡಿಕೆ ಸರಳವಾಗಿತ್ತು. ಆ ಆಟಿಕೆಯನ್ನು ನೀವೇ ಇಟ್ಟುಕೊಳ್ಳಿ, ಅದರ ಬದಲು ಮೆಮೊರಿ ಹೆಚ್ಚಿಸಿ ಕೊಡಿ. ಸೇಲ್ಸ್‌ಮನ್ ಬೆವರುತ್ತ ಮ್ಯಾನೇಜರನನ್ನು ಕರೆತಂದ. ಮ್ಯಾನೇಜರು ಹೈದರಾಬಾದಿ ಶೈಲಿಯಲ್ಲಿ ಎದೆಯ ಮೇಲೆ ಕೈಯಿಟ್ಟು, "ಅಮ್ಮಾ, ಸ್ಕೀಮ್ ಕಂಪನಿದು. ಮೇರೇ ಹಾತ್ ಮೇಂ ನಹೀಂ, ನನ್ನ ಕೈಯಲ್ಲಿಲ್ಲ" ಎಂದ.

"ಯಾರ ಹಾತಿನ್ಯಾಗ ಐತಿ, ಅವರಿಗೆ ಫೋನ್ ಹಚ್ಚು" ಎಂದು ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

ಮ್ಯಾನೇಜರ್ ನಕ್ಕ. ಅತ್ತೆ ನಗಲಿಲ್ಲ. ಮ್ಯಾನೇಜರ್ ಚಹಾ ತರಿಸಿದ. ಅತ್ತೆ ಚಹಾದ ರೊಕ್ಕ ಕೊಡಲು ಹೋದರು! ಆಗ ಅವನಿಗೆ ತನ್ನ ಎದುರಿಗೆ ಕೂತಿರುವುದು ಎಂಥ ಆಸಾಮಿ ಎಂಬ ಅಂದಾಜು ಸಿಕ್ಕಿತೆಂದು ಕಾಣುತ್ತದೆ.

"ಫ್ರೀ ಮೇಂ ಮಿಲ್ ರಹಾ ಹೈ, ಲೇಲೋ ನಾ ಅಮ್ಮಾ! ಯಾರಾದರೂ ಬೇಡ ಅಂತಾರಾ?"

"ನಾ ಅಂತೀನಿ! ನನಗ ಬೇಕಾದದ್ದರಾಗ ಅರ್ಧ ಕಡಿಮಿ ಮಾಡಿ, ಬ್ಯಾಡಾದದ್ದನ್ನ ಕೈಯಾಗ ತುರುಕಿ, ಮ್ಯಾಲ ನಗು ಅಂತೀರಿ. ಒಂದ ಸಲ ನನಗ ಹಿಂಗ ಮಾಡ್ಯಾರ. ನಕ್ಷಾದ ಕೆಲಸ ಕಸಕೊಂಡು ಆರಾಮ ಕೊಟ್ಟಿದ್ರು. ಆವಾಗ ಸುಮ್ನ ಇದ್ದೆ. ಈಗ ಇರಂಗಿಲ್ಲ."

ಪಕ್ಕದ ಮೇಜಿನಲ್ಲಿ ಮಗಳಿಗೆ ಲ್ಯಾಪ್‌ಟಾಪ್ ನೋಡುತ್ತಿದ್ದ ಒಬ್ಬ ತಂದೆ ಎದ್ದು ನಿಂತು, ತನ್ನ ಮಗಳಿಗೂ ಆಟದ ಪೆಟ್ಟಿಗೆ ಬೇಡ, ಮೆಮೊರಿಯೇ ಇರಲಿ ಎಂದ. ಮಗಳು ಅಪ್ಪನ ತೋಳು ಹಿಡಿದು ಜಗ್ಗುತ್ತಿದ್ದಳು. ಅವಳದೂ ನನ್ನ ಪಕ್ಷ, ಪಾಪ! ಅವರ ಹಿಂದಿನವರೂ ಏನೋ ಕೇಳಲು ಬಾಯಿ ತೆರೆದರು. ಮ್ಯಾನೇಜರ್ ಗಾಬರಿಯಾಗಿ ಫೋನು ಹಿಡಿದು ಮೂಲೆಗೆ ಹೋದ. ಕಂಪನಿಗೆ ಮಾಡಿದನೋ, ಹೆಂಡತಿಗೆ ಮಾಡಿದನೋ ತಿಳಿಯದು. ಬಹಳ ಹೊತ್ತಾದ ಮೇಲೆ ತಿರುಗಿ ಬಂದು ಎರಡೂ ಕೈ ಮುಗಿದ. "ಠೀಕ್ ಹೈ ಅಮ್ಮಾ. ಕನ್ಸೋಲ್ ಕ್ಯಾನ್ಸಲ್. ಮೆಮೊರಿ ಡಬಲ್. ಬೇರೆ ಯಾರಿಗೂ ಹೇಳಬೇಡಿ."

ಅತ್ತೆ ಗೆದ್ದರು! ಎದ್ದು ನಿಂತು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ ಕೊಡವಿಕೊಂಡರು. ಆಗಲೇ ಅಂಗಡಿಯ ಆ ತುದಿಯಿಂದ ಒಂದು ನಗು ಕೇಳಿಸಿತು. ಸಣ್ಣ ನಗುವಲ್ಲ, ಹೊಟ್ಟೆಯಿಂದ ಉಕ್ಕಿ, ನಡುವೆ ಉಸಿರು ಸಿಕ್ಕಿಕೊಂಡು, ಮತ್ತೆ ಉಕ್ಕುವ ನಗು.

"ಯಾರದು?" ಎಂದು ಅತ್ತೆ ತಿರುಗಿದರು.

ಮಾಮಾ! ಜಗಳದ ಗದ್ದಲದಲ್ಲಿ ಅವರನ್ನು ನಾವೆಲ್ಲ ಮರೆತೇಬಿಟ್ಟಿದ್ದೆವು. ಗಿರಾಕಿಗಳು ಆಡಿ ನೋಡಲೆಂದು ಇಟ್ಟಿದ್ದ ಕನ್ಸೋಲಿನ ಮುಂದೆ, ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿಕೊಂಡು ಕೂತಿದ್ದರು. ಪರದೆಯ ಮೇಲೆ ಕೆಂಪು ಕಾರೊಂದು ಬೆಟ್ಟದ ರಸ್ತೆಯಲ್ಲಿ ಹುಚ್ಚಾಪಟ್ಟೆ ಓಡುತ್ತಿತ್ತು. ಕಾರು ಎಡಕ್ಕೆ ತಿರುಗಿದರೆ ಮಾಮಾ ಪೂರ್ತಿ ಎಡಕ್ಕೆ ವಾಲುತ್ತಿದ್ದರು, ಬಲಕ್ಕೆ ತಿರುಗಿದರೆ ಬಲಕ್ಕೆ. ಕಾರು ಮರಕ್ಕೆ ಗುದ್ದಿತು. ಮಾಮಾ ತೊಡೆ ತಟ್ಟಿಕೊಂಡು ನಕ್ಕರು, ಮತ್ತೆ ಗುಂಡಿ ಒತ್ತಿದರು.

ಅತ್ತೆ ನಿಂತಲ್ಲೇ ನಿಂತರು. ನಾನು ಚಿಕ್ಕಂದಿನಿಂದ ನೋಡಿದ ಮಾಮಾ ನಕ್ಕರೆ ಬರೀ ಭುಜ ಅಲುಗುತ್ತದೆ, ದನಿ ಬರುವುದಿಲ್ಲ.

"ಇವರು ಹಿಂಗ ನಗತಾರೇನು?" ಎಂದರು ಅತ್ತೆ, ನನಗಲ್ಲ, ತಮಗೇ ಎಂಬಂತೆ. "ಇಷ್ಟು ವರ್ಷ ಸಂಸಾರ ಮಾಡೀನಿ. ನಾ ಒಮ್ಮೆನೂ ಕೇಳಿಲ್ಲಲ್ಲೋ."

ಇನ್ನೊಂದು ಕಾರು ಹಳ್ಳಕ್ಕೆ ಬಿತ್ತು. ಇನ್ನೊಂದು ನಗು. ಅತ್ತೆ ಮ್ಯಾನೇಜರನ ಕಡೆ ತಿರುಗಿದರು.

"ಆ ಪೆಟ್ಟಿಗೀನೂ ಕೊಡು."

ಮ್ಯಾನೇಜರನ ಮುಖ ನೋಡಬೇಕಿತ್ತು! ಆದರೂ ಸಂಭಾಳಿಸಿಕೊಂಡು, "ಅಚ್ಛಾ ಅಮ್ಮಾ! ಹಾಗಾದರೆ ಸ್ಕೀಮಿನಲ್ಲೇ ಹಾಕುತ್ತೇನೆ, ಫ್ರೀ. ಮೆಮೊರಿಗಷ್ಟೇ ದುಡ್ಡು ಕೊಟ್ಟುಬಿಡಿ, ನಿಮಗೇ ಲಾಭ" ಎಂದ. ನಾನು ಹೇಳಿದ್ದೂ ಅದೇ ಅಲ್ಲವೆ?

"ಮೆಮೊರಿ ಆಗಲೇ ಮಾತಾಡಿದಂಗ ಇರಲಿ. ಪೆಟ್ಟಿಗಿಗೆ ಬಿಲ್ಲು ಬ್ಯಾರೆ ಮಾಡು. ಪೂರಾ ರೊಕ್ಕ ಹಾಕು."

"ಅತ್ತಿ!" ಎಂದು ನಾನು ತೋಳು ಹಿಡಿದೆ. ಅದರ ಬೆಲೆ ನನಗೆ ಗೊತ್ತಿತ್ತು. "ಫ್ರೀ ಬರೋದಕ್ಕ ಯಾರರ ರೊಕ್ಕ ಕೊಡತಾರೇನ್ರಿ?"

"ಫ್ರೀ ತಗೊಂಡ್ರ ಕಂಪನಿ ಕೊಟ್ಟಂಗಾಕೈತಿ ತಮ್ಮಾ. ನಿಮ್ಮ ಮಾಮಾಗ ಇದನ್ನ ನಾ ಕೊಡಬೇಕಾಗೈತಿ." ಅತ್ತೆಯ ದನಿ ಒಂದು ಮೆಟ್ಟಿಲು ಇಳಿದಿತ್ತು. ಮರುಕ್ಷಣವೇ ಮತ್ತೆ ಏರಿತು. "ಮಾಮಾನ ಮುಂದ ಬಾಯಿ ಬಿಟ್ಟೀ ಅಂದ್ರ ನೋಡು, ಭಾನುವಾರ ರೊಟ್ಟಿ ಬಂದ್!"

ಆಟೋದಲ್ಲಿ ಮೂವರೂ ಕೂತೆವು. ಅತ್ತೆಯ ಮಡಿಲಲ್ಲಿ ಲ್ಯಾಪ್‌ಟಾಪು, ಮಾಮಾರ ಮಡಿಲಲ್ಲಿ ಆ ಪೆಟ್ಟಿಗೆ. ನಾನು ಹಿಡಿದುಕೊಳ್ಳುತ್ತೇನೆಂದರೂ ಕೊಡಲಿಲ್ಲ. ಖೈರತಾಬಾದ್ ದಾಟಿದ ಮೇಲೆ ಮಾಮಾ ತಡೆಯಲಾರದೆ ಮೆಲ್ಲಗೆ ಕೇಳಿದರು.

"ಇದು... ಕಡೀಕ ಫ್ರೀ ಕೊಟ್ರೇನು?"

ನಾನು ಹೊರಗೆ ಮೆಟ್ರೋ ಕಂಬಗಳನ್ನು ನೋಡತೊಡಗಿದೆ.

"ಹೂಂನ್ರಿ," ಎಂದರು ಅತ್ತೆ. "ಫ್ರೀ ಕೊಟ್ರು. ಕೈಮುಗಿದು ತಗೋರಿ ತಗೋರಿ ಅಂದ್ರು."

"ನಾ ಹೇಳತಿದ್ದಿಲ್ಲೇನು?" ಮಾಮಾರ ಮುಖ ಇಷ್ಟಗಲವಾಯಿತು. "ಫ್ರೀ ಅಂದ್ರ ಎಲ್ಲಾ ಮೋಸ ಇರಂಗಿಲ್ಲ. ನೀ ಸುಮ್ಮನ ನನ್ನ ಕೂಡ ಜಗಳ ತೆಗೀತಿದ್ದಿ."

ಅತ್ತೆ ಈಗ ತಿರುಗಿ ಬೀಳುತ್ತಾರೆಂದು ನಾನು ಕಾದೆ. ಮಾಮಾರ ಎರಡೂ ಹೆಬ್ಬೆರಳು ಪೆಟ್ಟಿಗೆಯ ಮೇಲೆ ಆಗಲೇ ಮೆಲ್ಲಗೆ ಒತ್ತಿ ಒತ್ತಿ ಅಭ್ಯಾಸ ಮಾಡುತ್ತಿದ್ದವು. ಅತ್ತೆ ಅದನ್ನೇ ನೋಡುತ್ತಿದ್ದರು.

"ಖರೆ ಐತ್ರಿ," ಎಂದರು ಕೊನೆಗೆ. "ನೀವು ಹೇಳಿದ್ದ ಖರೆ ಆತು."